ದೂರ ಹೋದ ಮಕ್ಕಳಿಗೆ ಬೇಕಾದ ಮೂರು ಆಸರೆಗಳು

ಜತ್ತ ತಾಲೂಕಿನ ಸಂಖ, ಉಮದಿ ಭಾಗದ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಸಾಂಗಲಿ, ಮಿರಜ, ಪುಣೆಗಳಿಗೆ ಓದಲು ಹೋದಾಗ ರಾಜ್ಯವನ್ನೇನೂ ದಾಟುವುದಿಲ್ಲ. ಆದರೂ ಅವರ ಪಾಲಿಗೆ ಅದು ಪರದೇಶವೇ. ವಿಜ್ಞಾನದ ಪಾಠ ಇಂಗ್ಲಿಷಿನಲ್ಲಿ, ಸಹಪಾಠಿಗಳ ಮಾತು ಮರಾಠಿಯಲ್ಲಿ. ಮೊದಲ ವರ್ಷವೇ ಕೆಲವರು ಗಂಟುಮೂಟೆ ಕಟ್ಟಿಕೊಂಡು ಮರಳುವುದನ್ನು ಶಿಕ್ಷಕರಾದ ನಾವು ಕಂಡಿದ್ದೇವೆ. ಅಂಥವರನ್ನು ದಡ್ಡರೆಂದು ಕರೆಯುವುದು ಅನ್ಯಾಯ.

ಅಮೆರಿಕೆಯಲ್ಲಿ ಓದಿ ಮರಳಿದ ಸುಮಾರು 200 ನಾರ್ವೆ ವಿದ್ವಾಂಸರನ್ನು ವಿಚಾರಿಸಿದ ಸ್ವೆರ್ರೆ ಲೀಸ್ಗೋರ್ ಎಂಬ ಸಂಶೋಧಕರು 1955ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. 6 ತಿಂಗಳಿಗಿಂತ ಕಡಿಮೆ ಅಥವಾ 18 ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿದ್ದವರಿಗಿಂತ, ನಡುವಣ ಅವಧಿಯಷ್ಟು ಇದ್ದವರ ಹೊಂದಾಣಿಕೆ ಕಡಿಮೆಯಾಗಿತ್ತು. ಅಂದರೆ ಮೊದಲ ಉತ್ಸಾಹ ಇಳಿದ ಮೇಲೆ ಬರುವ ಕಷ್ಟವು ಮಗುವಿನ ದೋಷವಲ್ಲ. ಅನೇಕರು ದಾಟಿ ಬಂದ ಘಟ್ಟ.

ಅದನ್ನು ದಾಟಿಸುವವರು ಯಾರು? ಪರದೇಶದ ವಿದ್ಯಾರ್ಥಿಗಳ ಗೆಳೆತನವನ್ನು ಅಭ್ಯಸಿಸಿದ ಸ್ಟೀಫನ್ ಬಾಕ್ನರ್ ಮತ್ತು ಸಂಗಡಿಗರು 1977ರಲ್ಲಿ ಮೂರು ಬಳಗಗಳನ್ನು ಗುರುತಿಸಿದರು. ತನ್ನ ನಾಡಿನವರು ತನ್ನತನವನ್ನು ಉಳಿಸುತ್ತಾರೆ; ಆ ಊರಿನವರು ಓದು, ಕಚೇರಿ ಕೆಲಸಗಳಿಗೆ ದಾರಿ ತೋರುತ್ತಾರೆ; ತನ್ನಂತೆಯೇ ಹೊರಗಿನಿಂದ ಬಂದವರು ವಿರಾಮಕ್ಕೆ ಜೊತೆಯಾಗುತ್ತಾರೆ. ಒಂದು ಬಳಗ ಮಾಡುವ ಕೆಲಸವನ್ನು ಇನ್ನೊಂದು ಪೂರ್ತಿಯಾಗಿ ಮಾಡಲಾರದು.

ಸ್ವಭಾವದ ಪಾತ್ರವೂ ಇದೆ. ಬೆರೆಯುವ ಮಗು ಈ ಬಳಗಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ಸಂಕೋಚದ ಮಗುವಿಗೆ ಮೊದಲ ಪರಿಚಯವನ್ನು ಹಿರಿಯರು ಮಾಡಿಸಬೇಕು. ಬೈದು ಸ್ವಭಾವವನ್ನು ಬದಲಿಸಲಾಗದು. ಆಸರೆಯನ್ನು ಮಾತ್ರ ಒದಗಿಸಬಹುದು.

ಕರ್ನಾಟಕದತ್ತ ಹೋಗುವವರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿನ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂಬ ಅವಕಾಶವಿದೆ. ಆದರೆ ಭಾಷೆ ಒಂದೇ ಆದ ಮಾತ್ರಕ್ಕೆ ಬಳಗ ತಾನಾಗಿ ಕೂಡಿಬರುವುದಿಲ್ಲ. ನಮ್ಮ ಮಕ್ಕಳು ಅಲ್ಲಿ 'ಮಹಾರಾಷ್ಟ್ರದವರು' ಎನಿಸಿಕೊಳ್ಳುವುದುಂಟು.

ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು. ಪ್ರವೇಶಕ್ಕೆ ಮುನ್ನವೇ ಆ ಊರಿನಲ್ಲಿ ಓದುತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯನ್ನು ಮಗುವಿಗೆ ಭೇಟಿ ಮಾಡಿಸಿ. ಬೇಸಿಗೆ ರಜೆಯಲ್ಲಿ ಮಾತಿನ ಮರಾಠಿಯನ್ನು ರೂಢಿ ಮಾಡಿಸಿ. ಅದರಿಂದ ಕನ್ನಡಕ್ಕೆ ಕುಂದಿಲ್ಲ. ಹಬ್ಬಕ್ಕೆ ಬರುವಾಗ ಮರಾಠಿ ಗೆಳೆಯನನ್ನೂ ಕರೆತರಲು ಹೇಳಿ. ಫೋನಿನಲ್ಲಿ ಅಂಕಗಳನ್ನು ಕೇಳುವ ಮುನ್ನ "ಊಟ ಆಯಿತೇ, ಯಾರ ಜೊತೆ ಕುಳಿತು ಉಂಡೆ?" ಎಂದು ಕೇಳಿ. ಒಬ್ಬನೇ ಉಂಡೆನೆಂಬ ಉತ್ತರವೇ ದಿನವೂ ಬಂದರೆ, ಮುಂದಿನ ಬಸ್ಸಿಗೇ ಹೋಗಿ ಮಗುವನ್ನು ಕಂಡು ಬನ್ನಿ.