ಬಣ್ಣದ ಕೆಳಗಿನ ಉಕ್ಕು: ಕಡಲೂರಿನ ಕಪಾಟು, ನದಿಯೂರಿನ ಕಪಾಟು

ಆಂಧ್ರಪ್ರದೇಶದ ವಿಶಾಖಪಟ್ಟಣ ಮತ್ತು ವಿಜಯವಾಡ ನಗರಗಳ ಸೆಕೆ, ಮಳೆಗಳು ಮೇಲ್ನೋಟಕ್ಕೆ ಒಂದೇ ಬಗೆಯವಾಗಿ ಕಂಡರೂ, ಮನೆಯ ಗೋಡೆಯ ಅಳತೆಗೆ ತಕ್ಕಂತೆ ಲೋಹದ ಪುಸ್ತಕದ ಕಪಾಟನ್ನು ಮಾಡಿಸುವವರ ಪಾಲಿಗೆ ಅವು ಎರಡು ಬೇರೆ ಲೋಕಗಳು. ವಿಶಾಖಪಟ್ಟಣ ಬಂಗಾಳಕೊಲ್ಲಿಗೆ ನೇರವಾಗಿ ಮೈಯೊಡ್ಡಿ ನಿಂತ ಊರು. ವಿಜಯವಾಡ ಕೃಷ್ಣಾ ನದಿಯ ದಂಡೆಯಲ್ಲಿದ್ದರೂ ಕಡಲಿನಿಂದ ಹತ್ತಾರು ಕಿಲೋಮೀಟರ್ ಒಳಗಿದೆ. ಒಳಾಂಗಣ ವಿನ್ಯಾಸದ ಈಗಿನ ರೂಢಿಯಲ್ಲಿ ಆಯ್ಕೆ ಶುರುವಾಗುವುದು ಶೇಡ್ ಕಾರ್ಡಿನಿಂದ, ಅಂದರೆ ಮ್ಯಾಟ್ ಕಪ್ಪೋ, ಹೊಳೆಯುವ ಹೊನ್ನೋ ಎಂಬ ಪ್ರಶ್ನೆಯಿಂದ. ನಿಜಕ್ಕೆ ಮೊದಲು ಕೇಳಬೇಕಾದುದು ಆ ಕೋಣೆಯ ಕಿಟಕಿಯಿಂದ ಯಾವ ಗಾಳಿ ಬರುತ್ತದೆ ಎಂಬುದನ್ನು.

ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕ ಮತ್ತು ನೀರು ಎರಡೂ ಬೇಕು. ಆದರೆ ಆ ನೀರು ಹನಿಯಾಗಿಯೇ ಇರಬೇಕೆಂದೇನಿಲ್ಲ, ಲೋಹದ ಮೈಮೇಲೆ ಕೂತ ತೇವದ ಕಾಣದಷ್ಟು ತೆಳುವಾದ ಪದರವೇ ಸಾಕು. ಅಲೆಗಳು ಒಡೆಯುವಾಗ ಗಾಳಿಗೇರುವ ಉಪ್ಪಿನ ಕಣಗಳು ಈ ಕೆಲಸವನ್ನು ಬಹಳ ಸುಲಭ ಮಾಡುತ್ತವೆ, ಏಕೆಂದರೆ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75ನ್ನು ಮುಟ್ಟಿದೊಡನೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ, ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್ ಶೇ. 33ರ ಆಸುಪಾಸಿನಲ್ಲೇ ಒದ್ದೆಯಾಗುತ್ತದೆ. ಗಾಳಿಯನ್ನು ಅದರ ಸವೆಸುವ ಶಕ್ತಿಗೆ ಅನುಗುಣವಾಗಿ ವಿಂಗಡಿಸುವ ಐಎಸ್‌ಒ 9223 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ಅತ್ಯಂತ ಸೌಮ್ಯವಾದ ಸಿ1 ವರ್ಗದಲ್ಲಿ ಬರಿಯ ಉಕ್ಕು ಮೊದಲ ವರ್ಷದಲ್ಲಿ 1.3 ಮೈಕ್ರಾನ್‌ಗಿಂತ ಹೆಚ್ಚು ಸವೆಯುವುದಿಲ್ಲ. ಸಿ5 ವರ್ಗದಲ್ಲಿ ಅದೇ ಸವೆತ 80ರಿಂದ 200 ಮೈಕ್ರಾನ್‌ಗೇರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ವಿಶಾಖಪಟ್ಟಣದ ರಾಮಕೃಷ್ಣ ಬೀಚಿನ ಎದುರಿನ ಮನೆಯೊಳಗೆ ಹೊರಗಿನಷ್ಟು ಉಪ್ಪು ಇರಲಾರದು, ನಿಜ. ಆದರೆ ಸಂಜೆಯ ಗಾಳಿಗೆಂದು ಕಿಟಕಿ ತೆರೆದಿಡುವ ಕೋಣೆಯನ್ನು ಸಿ1 ಎಂದು ಭಾವಿಸುವುದು ಆತ್ಮವಂಚನೆ. ಮಂಗಳೂರು, ಕಾರವಾರಗಳ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಶಾಖಪಟ್ಟಣದಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯೇ ಇರುವುದರಿಂದ ಕಪಾಟಿನ ಉಕ್ಕೂ ಅಲ್ಲಿಯದೇ ಎಂದು ಹಲವರು ಭಾವಿಸುವುದುಂಟು. ಆದರೆ ಆ ಕಾರ್ಖಾನೆಯ ತಯಾರಿಕೆ ಕಟ್ಟಡದ ಸರಳು, ತಂತಿಸರಳು, ಆಂಗಲ್, ಚಾನೆಲ್‌ಗಳಂಥ ಉದ್ದನೆಯ ಸರಕುಗಳದ್ದಾಗಿದ್ದು, ಕಪಾಟಿನ ಹಲಗೆಗೆ ಬೇಕಾದ ತೆಳು ತಗಡು ಬೇರೆಡೆಯಿಂದಲೇ ಬರಬೇಕು. ಆ ತಗಡು, ಪೈಪುಗಳು ಸಾಮಾನ್ಯವಾಗಿ ಎಂಎಸ್ ಎಂದು ಕರೆಯಲಾಗುವ ಮೈಲ್ಡ್ ಸ್ಟೀಲಿನವು. ಇಂಗಾಲದ ಅಂಶ ಕಡಿಮೆಯಿರುವ ಈ ಉಕ್ಕು ಬಾಗಿಸಲು, ಬೆಸೆಯಲು ಸುಲಭ, ಬೆಲೆಯೂ ಕೈಗೆಟಕುವಂಥದ್ದು. ತುಕ್ಕಿನ ವಿರುದ್ಧ ಮಾತ್ರ ಅದಕ್ಕೆ ಸ್ವಂತದ ಯಾವ ರಕ್ಷಣೆಯೂ ಇಲ್ಲ.

ಎಂಎಸ್‌ಗೆ ಇಂದು ಹೆಚ್ಚಾಗಿ ಕೊಡುವ ಹೊದಿಕೆ ಪೌಡರ್ ಕೋಟಿಂಗ್. ಇದರಲ್ಲಿ ದ್ರವ ಬಣ್ಣವಿಲ್ಲ, ತಿನ್ನರ್ ಇಲ್ಲ. ರಾಳ ಮತ್ತು ವರ್ಣದ್ರವ್ಯಗಳ ಒಣ ಪುಡಿಗೆ ವಿದ್ಯುದಾವೇಶ ಕೊಟ್ಟು ಸಿಂಪಡಿಸಿದಾಗ ಅದು ಭೂಸಂಪರ್ಕವಿರುವ ಲೋಹಕ್ಕೆ ಅಂಟಿಕೊಳ್ಳುತ್ತದೆ, ಬಳಿಕ ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಕರಗಿ, ಹರಡಿ, ಗಟ್ಟಿಯಾದ ಪೊರೆಯಾಗುತ್ತದೆ. ಪೊರೆಯ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್. ಎಪಾಕ್ಸಿ ಪುಡಿ ಲೋಹಕ್ಕೆ ಚೆನ್ನಾಗಿ ಕಚ್ಚಿಕೊಂಡು ತೇವವನ್ನು ತಡೆಯುತ್ತದೆ, ಆದರೆ ಬಿಸಿಲಿಗೆ ಮಂಕಾಗಿ ಸುಣ್ಣದಂತೆ ಉದುರುತ್ತದೆ. ಪಾಲಿಯೆಸ್ಟರ್ ಪುಡಿ ಬಿಸಿಲನ್ನು ತಾಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯವಾಡದಲ್ಲಿ ದೊಡ್ಡ ಕಿಟಕಿಯ ಪಕ್ಕದ ಕಪಾಟಿಗೆ ಪಾಲಿಯೆಸ್ಟರ್ ಸೂಕ್ತವಾದರೆ, ಬಿಸಿಲು ಬೀಳದ ಗೋಡೆಗೆ ಎರಡನ್ನೂ ಬೆರೆಸಿದ ಹೈಬ್ರಿಡ್ ಪುಡಿ ಸಾಕು.

ಇಷ್ಟಾದರೂ ಪೊರೆಯ ಆಯುಸ್ಸು ನಿರ್ಧಾರವಾಗುವುದು ಪುಡಿ ಬೀಳುವ ಮೊದಲೇ. ಜಿಡ್ಡು ತೆಗೆಯುವುದು, ತೊಳೆಯುವುದು, ಆಮ್ಲದಲ್ಲಿ ತುಕ್ಕು ಬಿಡಿಸುವುದು, ಮತ್ತೆ ತೊಳೆಯುವುದು, ಆಮೇಲೆ ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ ಬಣ್ಣ ಕಚ್ಚಿಕೊಳ್ಳಲು ನೆರವಾಗುವ ಸೂಕ್ಷ್ಮ ಹರಳುಗಳ ಪದರವನ್ನು ಬೆಳೆಸುವುದು, ಇಂಥ ಹಂತಗಳನ್ನು ಸಾಲು ತೊಟ್ಟಿಗಳಲ್ಲಿ ಮಾಡುವ ಕ್ರಮಕ್ಕೆ ಈ ಉದ್ಯಮದಲ್ಲಿ ಸೆವೆನ್ ಟ್ಯಾಂಕ್ ಪ್ರಕ್ರಿಯೆ ಎಂಬ ಹೆಸರಿದೆ. ಬಟ್ಟೆಯಲ್ಲಿ ಒರೆಸಿ ನೇರವಾಗಿ ಪುಡಿ ಹಾಕಿದ ಕಪಾಟೂ ಮನೆಗೆ ಬಂದ ದಿನ ಅಷ್ಟೇ ಚೆಂದ ಕಾಣುತ್ತದೆ. ವ್ಯತ್ಯಾಸ ಗೊತ್ತಾಗುವುದು ಒಂದೆರಡು ಮಳೆಗಾಲ ಕಳೆದ ಮೇಲೆ, ಗೀರಿನ ಬುಡದಿಂದ ತುಕ್ಕು ಪೊರೆಯಡಿಯಲ್ಲಿ ಹರಡಿ ಬಣ್ಣ ಉಬ್ಬತೊಡಗಿದಾಗ. ಆದ್ದರಿಂದ ಶೇಡ್ ಕಾರ್ಡಿಗಿಂತ ತೊಟ್ಟಿಗಳನ್ನು ನೋಡಿಬರುವುದೇ ಹೆಚ್ಚು ಉಪಯುಕ್ತ. ಚೂಪಾದ ಅಂಚುಗಳ ಮೇಲೆ ಕರಗಿದ ಪುಡಿ ಹಿಂದೆ ಸರಿದು ತೆಳುವಾಗುವುದರಿಂದ ಅಂಚುಗಳನ್ನು ಮೊದಲೇ ಅರದಿಂದ ಉಜ್ಜಿ ದುಂಡಾಗಿಸಬೇಕು. ಒಳಮೂಲೆಗಳಿಗೆ ವಿದ್ಯುತ್ ಕ್ಷೇತ್ರ ಸರಿಯಾಗಿ ತಲುಪದೆ ಪುಡಿ ಅಲ್ಲಿ ಕಡಿಮೆ ಕೂರುವುದರಿಂದ, ಇಕ್ಕಟ್ಟಾದ ಗೂಡುಗಳ ವಿನ್ಯಾಸವನ್ನು ಕಡಲಂಚಿನ ಮನೆಗಳಲ್ಲಿ ಬಿಡುವುದೇ ಜಾಣತನ.

ಕಡಲಿನೆದುರಿನ ಮನೆಗೆ ಪೌಡರ್ ಕೋಟಿಂಗ್ ಒಂದೇ ಸಾಲದು. ಅದರಡಿಯಲ್ಲಿ ಸತುವಿನ ಪದರವಿರಬೇಕು. ಸತು ಕಬ್ಬಿಣಕ್ಕಿಂತ ಬೇಗ ಪ್ರತಿಕ್ರಿಯಿಸುವ ಲೋಹವಾದುದರಿಂದ, ಪೊರೆ ಗೀರಿಹೋದ ಜಾಗದಲ್ಲಿ ತಾನೇ ಸವೆದು ಪಕ್ಕದ ಉಕ್ಕನ್ನು ಉಳಿಸುತ್ತದೆ. ವಿಶಾಖಪಟ್ಟಣದಲ್ಲೇ ಹಿಂದೂಸ್ತಾನ್ ಜಿಂಕ್ ಸಂಸ್ಥೆಯ ಸತುವಿನ ಕಾರ್ಖಾನೆ 1977ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿದೆ ಎಂಬುದು ಇಲ್ಲಿ ನೆನಪಾಗುವ ಸಂಗತಿ. ಜಿಐ ಎಂದು ಕರೆಯುವ ಸತು ಲೇಪಿತ ತಗಡಿನ ಮೇಲೆ 120 ಜಿಎಸ್‌ಎಂ ಎಂದು ಬರೆದಿದ್ದರೆ ಒಂದು ಚದರ ಮೀಟರ್ ತಗಡಿನ ಎರಡೂ ಮುಖಗಳಲ್ಲಿ ಸೇರಿ 120 ಗ್ರಾಂ ಸತು ಇದೆ ಎಂದರ್ಥ. ಮುಖವೊಂದಕ್ಕೆ ಇದು ಸುಮಾರು ಎಂಟು ಮೈಕ್ರಾನ್ ಮಾತ್ರ. ಬೆಸುಗೆ ಹಾಕಿದ ಕಡೆ ಈ ಪದರ ಸುಟ್ಟುಹೋಗುವುದರಿಂದ ಅಲ್ಲಿ ಸತು ಹೆಚ್ಚಿರುವ ಪ್ರೈಮರನ್ನು ಬಳಿಯದೆ ಮುಂದಿನ ಕೆಲಸಕ್ಕೆ ಹೋಗಬಾರದು.

ಸ್ಟೇನ್‌ಲೆಸ್ ಸ್ಟೀಲಿನ ಬಗೆಗಿನ ನಂಬಿಕೆಯನ್ನೂ ತುಸು ಸಡಿಲಿಸಿಕೊಳ್ಳಬೇಕಾಗಿದೆ. ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆಯನ್ನು ಕಟ್ಟುತ್ತದೆ, ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ನಿಕ್ಕಲ್ ಕಡಿಮೆಯಿರುವ 202 ದರ್ಜೆ ಕಡಲ ಗಾಳಿಯಲ್ಲಿ ಬೇಗ ಕಂದುಚುಕ್ಕೆ ಬಿಡುತ್ತದೆ, 304 ಅದಕ್ಕಿಂತ ಮೇಲು, ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುವ 316 ಇನ್ನೂ ಮೇಲು. ಅಯಸ್ಕಾಂತ ಹಿಡಿದು ನೋಡಿದರೆ 202 ಯಾವುದು, 304 ಯಾವುದು ಎಂದು ತಿಳಿಯುವುದಿಲ್ಲ. ಈಗ ಬಹಳ ಬೇಡಿಕೆಯಲ್ಲಿರುವ ಹೊನ್ನಿನ ಬಣ್ಣದ ಪಿವಿಡಿ ಲೇಪ, ಅಂದರೆ ನಿರ್ವಾತ ಕೋಣೆಯಲ್ಲಿ ಲೋಹವನ್ನು ಆವಿಯಾಗಿಸಿ ಕೂರಿಸುವ ಟೈಟಾನಿಯಂ ನೈಟ್ರೈಡಿನಂಥ ಪದರ, ತುಂಬ ಗಟ್ಟಿ, ಆದರೆ ಬಹಳ ತೆಳು. ಅಡಿಯ ಉಕ್ಕು 202 ಆದರೆ ಮೇಲಿನ ಹೊನ್ನು ಅದನ್ನು ಕಾಯಲಾರದು. ಹಿತ್ತಾಳೆಯ ಪಟ್ಟಿಗಳಿಗೆ ಲ್ಯಾಕರ್ ಬಳಿಯುವುದಕ್ಕಿಂತ ಅವು ತಾವಾಗಿ ಮಾಸಲು ಬಿಡುವುದು ಲೇಸು, ಏಕೆಂದರೆ ಲ್ಯಾಕರ್ ಕಿತ್ತುಬಂದ ಕಡೆ ಬರುವ ಮಚ್ಚೆಗಿಂತ ಒಂದೇ ಸಮನಾದ ಮಾಸಲು ಬಣ್ಣ ನೋಡಲು ಹಿತ.

ಕಪಾಟು ಪುಸ್ತಕಕ್ಕಾಗಿ ಎಂಬುದು ಈ ನಡುವೆ ಮರೆತೇಹೋಗುವುದುಂಟು. 1914ರಲ್ಲಿ ಆಂಧ್ರ ಗ್ರಂಥಾಲಯ ಚಳವಳಿಯ ಮೊದಲ ಸಮ್ಮೇಳನ ನಡೆದದ್ದು ಅಂದು ಬೆಜವಾಡ ಎನಿಸಿದ್ದ ವಿಜಯವಾಡದಲ್ಲಿ. ತೆಲುಗು ಪ್ರಕಾಶನದ ದೊಡ್ಡ ಕೇಂದ್ರವೂ ಆದ ಆ ಊರಿನಲ್ಲಿ ಹಳೆಯ ಪುಸ್ತಕಗಳಿರುವ ಮನೆಗಳು ಕಡಿಮೆಯೇನಲ್ಲ. ಎಣ್ಣೆ ಆಧಾರಿತ ಎನಾಮೆಲ್ ಬಣ್ಣ ಒಣಗುತ್ತ ವಾರಗಟ್ಟಲೆ ಬಿಡುವ ಆವಿ ಹಳೆಯ ಕಾಗದಕ್ಕೆ ಒಳ್ಳೆಯದಲ್ಲ. ಇಂಥ ಆವಿಯನ್ನು ಗುರುತಿಸಲು ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ಬೆಳ್ಳಿ, ತಾಮ್ರ, ಸೀಸಗಳ ತುಣುಕುಗಳನ್ನು ಪ್ರದರ್ಶನಪೆಟ್ಟಿಗೆಗೆ ಬಳಸುವ ವಸ್ತುವಿನ ಜೊತೆ ಮುಚ್ಚಿಟ್ಟು, ಅವು ಕಂದುತ್ತವೆಯೇ ಎಂದು ನೋಡಲಾಗುತ್ತದೆ. ಸರಿಯಾಗಿ ಬೆಂದ ಪೌಡರ್ ಕೋಟಿಂಗಿನಲ್ಲಿ ದ್ರಾವಕವೇ ಇಲ್ಲದ್ದರಿಂದ ಗ್ರಂಥಸಂರಕ್ಷಕರು ಅದನ್ನು ಮೆಚ್ಚುತ್ತಾರೆ. ಅರೆಬೆಂದದ್ದಕ್ಕೆ ಈ ಮಾತು ಸಲ್ಲದು.

2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಅಜಿತ್‌ಸಿಂಗ್ ನಗರದಂಥ ಬಡಾವಣೆಗಳಲ್ಲಿ ದಿನಗಟ್ಟಲೆ ನೀರು ನಿಂತ ಮೇಲೆ, ಕಪಾಟಿನ ಕಾಲುಗಳ ವಿಚಾರಕ್ಕೆ ಬೇರೆಯೇ ತೂಕ ಬಂದಿದೆ. ಟೊಳ್ಳು ಪೈಪಿನ ಕಾಲಿನ ಒಳಮೈಗೆ ಪುಡಿ ತಲುಪುವುದೇ ಇಲ್ಲ. ಪ್ಲಾಸ್ಟಿಕ್ ಬುಷ್ ಹಾಕಿದರೂ ಒಳಹೊಕ್ಕ ನೀರು ಹೊರಬರಲು ದಾರಿಯಿರುವುದಿಲ್ಲ. ಅಂಥ ಕಡೆ ಜಿಐ ಪೈಪನ್ನೇ ಬಳಸಿ, ಬುಡಕ್ಕೆ ತಗಡು ಬೆಸೆದು ಪೂರ್ತಿ ಮುಚ್ಚಬೇಕು, ಇಲ್ಲವೇ ಕಪಾಟನ್ನು ನೆಲಕ್ಕೆ ತಾಗಿಸದೆ ಗೋಡೆಗೆ ಹೊಂದಿಸಬೇಕು. ಗೋಡೆಗೆ ಹೊಂದಿಸುವುದಾದರೆ ಬೋಲ್ಟಿನ ತೂತುಗಳನ್ನೆಲ್ಲ ಕೋಟಿಂಗಿಗೆ ಮೊದಲೇ ಕೊರೆಸಿಟ್ಟುಕೊಳ್ಳಬೇಕು, ಏಕೆಂದರೆ ಮನೆಗೆ ಬಂದ ಮೇಲೆ ಡ್ರಿಲ್ ಹಿಡಿದರೆ ತೂತಿನ ಅಂಚಿನಲ್ಲಿ ಬರಿಯ ಉಕ್ಕು ಹೊರಬೀಳುತ್ತದೆ, ಒಲೆಯಲ್ಲಿ ಬೆಂದ ಪೊರೆಯನ್ನು ಅಲ್ಲಿ ಮತ್ತೆ ಹೊದಿಸಲು ಬರುವುದಿಲ್ಲ.