ಕಂಪ್ಲಿಯ ಕಾಲುವೆಗಳು ನಮಗೆ ಹೇಳುವ ಮಾತು

ನಮ್ಮ ಬೆಳೆಗಾರರಲ್ಲಿ ಹಂಪಿಯನ್ನು ನೋಡದವರು ಕಡಿಮೆ. ಕೊಯ್ಲು ಮುಗಿಸಿ, ಅಡಿಕೆ ಮಾರಿ, ಮನೆಮಂದಿಯೊಡನೆ ವಿರೂಪಾಕ್ಷನ ದರ್ಶನ ಮಾಡಿ, ಕಲ್ಲಿನ ರಥ ನೋಡಿ ಬಂದವರೇ ಹೆಚ್ಚು. ಆದರೆ ಹೊಸಪೇಟೆಯಿಂದ ಸುಮಾರು 30 ಕಿ.ಮೀ. ದೂರದ ಕಂಪ್ಲಿಯವರೆಗೆ ಹೋದವರು ವಿರಳ. ಹಂಪಿಯಲ್ಲಿ ಕಾಣುವುದು ಹಾಳಾದ ಅರಮನೆ. ಕಂಪ್ಲಿಯ ಬಯಲಲ್ಲಿ ಕಾಣುವುದು ಹಾಳಾಗದೆ ಉಳಿದ ಕಾಲುವೆ. ನೀರನ್ನು ನಂಬಿ ಬದುಕುವ ತೋಟಿಗರಾದ ನಮಗೆ ಎರಡನೆಯದರಿಂದ ಕಲಿಯಬೇಕಾದುದು ಹೆಚ್ಚು.

ಹೊಳೆ ಮತ್ತು ನೆಲ

ಕಂಪ್ಲಿ ತುಂಗಭದ್ರೆಯ ಬಲದಂಡೆಯ ಊರು. ಸೇತುವೆ ದಾಟಿದರೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಈ ಸೇತುವೆ ಮುಳುಗಿ, ಎರಡು ದಂಡೆಗಳ ನಡುವಣ ಓಡಾಟ ನಿಂತುಹೋದದ್ದು ಹಲವು ಸಲ. ಮೊದಲು ಹೊಸಪೇಟೆ ತಾಲ್ಲೂಕಿಗೆ ಸೇರಿದ್ದ ಕಂಪ್ಲಿ ಈಗ ತಾನೇ ಒಂದು ತಾಲ್ಲೂಕು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾದಾಗ ಕಂಪ್ಲಿಯೂ ಸಂಡೂರೂ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು.

ಆ ಸೀಮೆಗೆ ಇಡೀ ವರ್ಷದಲ್ಲಿ ಬೀಳುವ ಮಳೆ ಸುಮಾರು 600 ಮಿ.ಮೀ. ನಮ್ಮ ಘಟ್ಟದ ಊರುಗಳಲ್ಲಿ ಆಟಿಯ ಒಂದು ತಿಂಗಳಲ್ಲೇ ಅದಕ್ಕಿಂತ ಹೆಚ್ಚು ಸುರಿಯುವುದುಂಟು. ಆದರೂ ಕಾಲುವೆಯ ಕೆಳಗೆ ಭತ್ತ, ಕಬ್ಬು, ಬಾಳೆ ಹಸಿರಾಗಿ ನಿಂತಿರುತ್ತವೆ. ಆ ನೀರು ನಮ್ಮ ಕಡೆಯ ಮಳೆಯದೇ. ಶೃಂಗೇರಿಯ ಪಕ್ಕ ಹರಿದ ತುಂಗೆ, ಬಾಳೆಹೊನ್ನೂರಿನ ಕಾಫಿ ತೋಟಗಳ ನಡುವೆ ಇಳಿದ ಭದ್ರೆ, ಕೂಡಲಿಯಲ್ಲಿ ಒಂದಾಗಿ ಅಲ್ಲಿಗೆ ತಲುಪುತ್ತವೆ.

ಅರಸರ ಕಾಲ

ಕಂಪಿಲಿ ಎಂಬ ಹೆಸರು ವಿಜಯನಗರಕ್ಕಿಂತ ಹಳೆಯದು. 11ನೆಯ ಶತಮಾನದಲ್ಲಿ ಇಲ್ಲಿ ಚಾಲುಕ್ಯರ ಅರಮನೆಯಿತ್ತು. ಅದನ್ನು ರಾಜಾಧಿರಾಜ ಚೋಳನು ನಾಶಮಾಡಿದನೆಂದು ಚೋಳರ ಶಾಸನಗಳು ಹೇಳುತ್ತವೆ. 14ನೆಯ ಶತಮಾನದ ಆರಂಭದಲ್ಲಿ ಈ ನಾಡನ್ನಾಳಿದವನು ಕಂಪಿಲರಾಯ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತ ಬಹಾವುದ್ದೀನ್ ಗುರ್ಶಾಸ್ಪನು ಬಂದು ರಾಯನ ಮರೆಹೊಕ್ಕ. ಮರೆಹೊಕ್ಕವನನ್ನು ಬಿಟ್ಟುಕೊಡಲು ಒಪ್ಪದ ರಾಯನು 1327ರಲ್ಲಿ ದೆಹಲಿಯ ಸೇನೆಯೆದುರು ಕಾದಾಡಿ ಮಡಿದ. ಹತ್ತು ವರ್ಷ ತುಂಬುವುದರೊಳಗೆ, 1336ರಲ್ಲಿ, ಅದೇ ಹೊಳೆಯ ದಂಡೆಯಲ್ಲಿ ವಿಜಯನಗರ ತಲೆಯೆತ್ತಿತು.

ಕಂಪಿಲರಾಯನ ಮಗನೇ ಕುಮಾರರಾಮ. ಮಡಿದ ಈ ವೀರನ ಕಥೆಯನ್ನು ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ. ಜನರು ಹಾಡಾಗಿ ಹಾಡಿದರು. ಮಲೆನಾಡಿನ ಕೆಲವು ಊರುಗಳಲ್ಲಿ ಆತನನ್ನು ದೇವರೆಂದೇ ಪೂಜಿಸುತ್ತಾರೆ. ಅಡಿಕೆ ಸೀಮೆಗೂ ಕಂಪ್ಲಿಗೂ ಹೊಳೆಯೊಂದೇ ಅಲ್ಲ, ಈ ನೆನಪಿನ ನಂಟೂ ಉಂಟು.

ಕಲ್ಲಿನ ಕಟ್ಟೆ, ಮಣ್ಣಿನ ಕಾಲುವೆ

ವಿಜಯನಗರದ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಅಲ್ಲಲ್ಲಿ ಕಲ್ಲಿನ ಕಟ್ಟೆಗಳನ್ನು ಕಟ್ಟಿದರು. ಹೊಳೆಯ ನಡುವೆ ತಾನಾಗಿಯೇ ಇದ್ದ ಬಂಡೆಗಳನ್ನು ಆಧಾರಮಾಡಿಕೊಂಡು, ಬಂಡೆಯಿಂದ ಬಂಡೆಗೆ ದಪ್ಪ ಕಲ್ಲುಗಳನ್ನು ಓರೆಯಾಗಿ ಜೋಡಿಸಿದ ಕಟ್ಟೆಗಳಿವು. ಬೇಕಾದಷ್ಟು ನೀರು ಕಾಲುವೆಗೆ ತಿರುಗುತ್ತದೆ. ನೆರೆ ಬಂದರೆ ಮಿಕ್ಕ ನೀರು ಕಟ್ಟೆಯ ಮೇಲೆ ಹಾದು ಹೋಗುತ್ತದೆ. ಹೊಳೆಯನ್ನು ಪೂರ್ತಿ ತಡೆದು ನಿಲ್ಲಿಸುವ ಹಟ ಇಲ್ಲಿಲ್ಲ.

ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ ಮೊದಲಾದ ಇವುಗಳಿಗೆ ಇಂದಿಗೂ ವಿಜಯನಗರ ಕಾಲುವೆಗಳೆಂದೇ ಹೆಸರು. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಆದರೆ ತುರ್ತಾ ಕಾಲುವೆ ಇಂದಿಗೂ ಹಾಳು ಹಂಪಿಯ ನಡುವೆಯೇ ಹರಿದು ಬಾಳೆ ತೋಟಗಳಿಗೆ ನೀರುಣಿಸುತ್ತಿದೆ.

ಇದು ಹೇಗಾಯಿತು? ಅರಮನೆಯನ್ನು ಕಾಯಲು ಅರಸ ಬೇಕು. ಕಾಲುವೆಯನ್ನು ಕಾಯಲು ಅದರಿಂದ ಉಣ್ಣುವವರೇ ಸಾಕು. ಹೂಳು ತುಂಬಿದರೆ, ಜೊಂಡು ಬೆಳೆದರೆ, ಕಟ್ಟೆಯ ಕಲ್ಲು ಜಾರಿದರೆ ಆ ವರ್ಷದ ಬೆಳೆಯೇ ಇಲ್ಲ. ಕೆರೆ-ಕಾಲುವೆ ಕಟ್ಟಿದವರಿಗೆ, ದುರಸ್ತಿ ನೋಡಿಕೊಳ್ಳುವವರಿಗೆ ಜಮೀನು ಬಿಟ್ಟುಕೊಡುವ ದಶವಂದ, ಕಟ್ಟುಕೊಡಗೆಯ ಪದ್ಧತಿ ನಮ್ಮ ನಾಡಿನಲ್ಲಿ ಇದ್ದುದು ಈ ಕಾರಣಕ್ಕೇ. ಕಟ್ಟುವುದಷ್ಟೇ ಅಲ್ಲ, ಕಾಪಾಡುವುದೂ ಲೆಕ್ಕದ ಕೆಲಸವೆಂದು ಹಿರಿಯರು ತಿಳಿದಿದ್ದರು. ಇತ್ತೀಚಿನ ವರ್ಷಗಳಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಈ ಕಾಲುವೆಗಳ ನವೀಕರಣವೂ ನಡೆದಿದೆ.

ಅಣೆಕಟ್ಟು ಕಲಿಸಿದ ಪಾಠ

1953ರಿಂದ ನೀರು ಕೊಡತೊಡಗಿದ ತುಂಗಭದ್ರಾ ಅಣೆಕಟ್ಟು ಈ ಸೀಮೆಯ ಬದುಕನ್ನೇ ಬದಲಿಸಿತು. ಆರಂಭದಲ್ಲಿ 133 ಟಿ.ಎಂ.ಸಿ. ಅಡಿಯಷ್ಟಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ಹರಿದುಹೋಗುವುದನ್ನು ರೈತರು ಕಣ್ಣಾರೆ ಕಾಣಬೇಕಾಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು. ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಆದರೆ ಮಳೆ ಪ್ರತಿ ಸಲವೂ ಕೈಹಿಡಿಯುತ್ತದೆಂಬ ಭರವಸೆಯಿಲ್ಲ.

ನಮ್ಮ ಕಟ್ಟಗಳು ಎಲ್ಲಿ?

ಈಗ ನಮ್ಮ ತೋಟದ ಕಡೆ ತಿರುಗೋಣ. ಮಳೆ ನಿಂತ ಮೇಲೆ ನೆರೆಕರೆಯವರೆಲ್ಲ ಸೇರಿ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಕಟ್ಟುವುದು ಅಡಿಕೆ ಸೀಮೆಯ ಹಳೆಯ ಪದ್ಧತಿ. ತೋಡಿನಲ್ಲಿ ನೀರು ನಿಲ್ಲುತ್ತಿತ್ತು, ಬಾವಿಯ ಒರತೆ ಬತ್ತುತ್ತಿರಲಿಲ್ಲ. ಕೊಳವೆ ಬಾವಿ ಬಂದ ಮೇಲೆ ಹಲವೆಡೆ ಈ ಕೂಡು ಕೆಲಸ ನಿಂತಿತು. ಒಬ್ಬೊಬ್ಬರಿಗೆ ಒಂದೊಂದು ಪಂಪು ಬಂತು, ಒಟ್ಟಿಗೆ ನಿಂತು ಮಾಡುವ ಕೆಲಸ ಹೋಯಿತು. ಈಗ ಮಾರ್ಚ್ ತಿಂಗಳಲ್ಲೇ ನೀರಿಲ್ಲವೆಂಬ ದೂರು.

ಕಟ್ಟಕ್ಕೆ ದೊಡ್ಡ ಬಂಡವಾಳ ಬೇಡ. ಒಂದು ತೋಡಿನ ಎರಡೂ ಬದಿಯವರು ಒಂದೆರಡು ದಿನ ಕೈಜೋಡಿಸಿದರೆ ಸಾಕು. ಸದಸ್ಯ ಬಾಂಧವರು ಈ ಸಲ ಹಿಂಗಾರು ಮುಗಿಯುತ್ತಲೇ ನೆರೆಯವರನ್ನು ಕರೆದು ಈ ಮಾತನ್ನು ಎತ್ತಬೇಕೆಂದು ನಾವು ಕೋರುತ್ತೇವೆ. ಕಂಪ್ಲಿಯವರು ಉಳಿಸಿಕೊಂಡಿರುವುದು ನಮ್ಮ ಬೆಟ್ಟದಿಂದ ಇಳಿದ ನೀರನ್ನು. ಅದೇ ಬೆಟ್ಟದ ಬುಡದಲ್ಲಿರುವ ನಾವು ಅದನ್ನು ಕೈಬಿಡಬಾರದು.