ಗಣಿಯಿಂದ ಗುಜರಿಯವರೆಗೆ ಒಂದು ಯೂನಿಟ್ ಕರೆಂಟು

ಪಾವಗಡದ ಸೌರ ಪಾರ್ಕಿನಲ್ಲಿ ಚಿಮಣಿಯಿಲ್ಲ, ಹಾರುಬೂದಿಯ ಗುಡ್ಡೆಯಿಲ್ಲ. ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳು ಸದ್ದಿಲ್ಲದೆ ಕರೆಂಟು ಕೊಡುತ್ತವೆ. ಆದರೂ ಆ ಕರೆಂಟಿನ ಇಂಗಾಲದ ಲೆಕ್ಕ ಸೊನ್ನೆಯಾಗದು. ಫಲಕದೊಳಗಿನ ಸಿಲಿಕಾನ್ ಕುಲುಮೆಯಲ್ಲಿ ಹುಟ್ಟಿದ್ದು. ಗಾಜು, ಅಲ್ಯೂಮಿನಿಯಂ ಚೌಕಟ್ಟು, ಸಾಗಣೆ ಎಲ್ಲಕ್ಕೂ ಇಂಧನ ಉರಿದಿದೆ.

ಗಣಿಯಿಂದ ಗುಜರಿಯವರೆಗಿನ ಈ ಖರ್ಚನ್ನೆಲ್ಲ ಕೂಡಿಸುವುದೇ ಜೀವನಚಕ್ರ ವಿಶ್ಲೇಷಣೆ. ಯಾವ ಬಗೆಯ ಬಾಟಲಿ, ಡಬ್ಬಿ ಪರಿಸರಕ್ಕೆ ಹಗುರ ಎಂದು ತಿಳಿಯಲು ಕೋಕಾ-ಕೋಲಾ ಕಂಪನಿ 1969ರಲ್ಲಿ ಮಾಡಿಸಿದ ಅಧ್ಯಯನ ಇದರ ಆರಂಭದ ಮಾದರಿ. 1997ರಲ್ಲಿ ಐಎಸ್‌ಒ 14040 ಮಾನದಂಡ ಬಂದು ವಿಧಾನಕ್ಕೊಂದು ಶಿಸ್ತು ಸಿಕ್ಕಿತು.

ವಿದ್ಯುತ್ತಿನ ಮಟ್ಟಿಗೆ ಅಳತೆಗೋಲು ಒಂದು ಯೂನಿಟ್. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಕೊಟ್ಟ ಮಧ್ಯಮ ಅಂದಾಜಿನಂತೆ ಯೂನಿಟ್ಟಿಗೆ ಕಲ್ಲಿದ್ದಲು 820 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಉಗುಳುತ್ತದೆ. ದೊಡ್ಡ ಸೌರ ಸ್ಥಾವರದ ಪಾಲು 48 ಗ್ರಾಂ, ಜಲವಿದ್ಯುತ್ತಿನದು 24, ಅಣುವಿದ್ಯುತ್ತಿನದು 12, ನೆಲದ ಮೇಲಿನ ಗಾಳಿಯಂತ್ರದ್ದು 11.

ಆ 48 ಶಿಲಾಶಾಸನವೇನಲ್ಲ. ಫಲಕದ ಹೊರೆಯ ಬಹುಪಾಲು ಕಾರ್ಖಾನೆಯಲ್ಲೇ ತೀರ್ಮಾನವಾಗುತ್ತದೆ. ಅದನ್ನು ಎಷ್ಟು ಯೂನಿಟ್ಟಿಗೆ ಹಂಚಬೇಕೆಂಬುದನ್ನು ಬಿಸಿಲು ಮತ್ತು ಬಾಳಿಕೆ ನಿರ್ಧರಿಸುತ್ತವೆ. ಕಲ್ಲಿದ್ದಲಿನ ಕರೆಂಟಿನಲ್ಲಿ ತಯಾರಾದ ಫಲಕಕ್ಕೆ ಹೊರೆ ಜಾಸ್ತಿ. ಅದೇ ಫಲಕ ಜರ್ಮನಿಗಿಂತ ಪಾವಗಡದಲ್ಲಿ ಹೆಚ್ಚು ದುಡಿಯುವುದರಿಂದ ಯೂನಿಟ್ಟಿನ ಪಾಲು ಇಳಿಯುತ್ತದೆ. 25 ವರ್ಷ ಬಾಳಬೇಕಾದದ್ದು 15ಕ್ಕೇ ಕಳಚಿದರೆ ಮತ್ತೆ ಏರುತ್ತದೆ.

ಗ್ರಾಮಿನ ತಕ್ಕಡಿಯಲ್ಲಿ ತೂಗದ ಸಂಗತಿಗಳೂ ಇವೆ. ಜಲವಿದ್ಯುತ್ತಿನ 24 ಗ್ರಾಮಿನಲ್ಲಿ ಶರಾವತಿಯ ಮುಳುಗಡೆ ಸಂತ್ರಸ್ತರು ಎಲ್ಲೂ ಕಾಣರು. ಲಿಂಗನಮಕ್ಕಿ ಜಲಾಶಯಕ್ಕೆ ಊರು ಬಿಟ್ಟವರ ಎಷ್ಟೋ ಕುಟುಂಬಗಳು ಭೂಮಿಯ ಹಕ್ಕಿಗಾಗಿ ದಶಕಗಟ್ಟಲೆ ಅಲೆದಿವೆ. ಪಾವಗಡದಲ್ಲಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದದ್ದು ಇದಕ್ಕಿಂತ ಮೇಲು. ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು, ಬಾಡಿಗೆ ಬರಲಿಲ್ಲ.

ಗುಜರಿಯ ಲೆಕ್ಕವಂತೂ ಬಾಕಿಯೇ ಇದೆ. 2022ರ ಇ-ತ್ಯಾಜ್ಯ ನಿಯಮಗಳಡಿ ಸೌರಫಲಕದ ತ್ಯಾಜ್ಯವನ್ನು ತಯಾರಕರು 2034-35ರವರೆಗೆ ದಾಸ್ತಾನಿಡಬೇಕು.

ಇಷ್ಟಾದರೂ ಕಲ್ಲಿದ್ದಲಿಗೂ ಸೌರಶಕ್ತಿಗೂ ನಡುವಿನ ಹದಿನೇಳು ಪಟ್ಟು ಅಂತರ ಅಳಿಯದು; ಕೂಲಿಯವರ ನಷ್ಟವನ್ನು ಮುಂದಿಟ್ಟು ಚಿಮಣಿಗೆ ಜೈ ಎನ್ನುವುದು ಕುತರ್ಕ. ಆ ನಷ್ಟವನ್ನೂ ಯೋಜನೆಯ ವೆಚ್ಚದಲ್ಲೇ ಬರೆದು, ಮೊದಲ ದಿನವೇ ಪರಿಹಾರ ಕಟ್ಟಿಕೊಡುವುದು ಸರಿಯಾದ ದಾರಿ.